ಸ್ಲೀವ್ ಸರ್ಜರಿ ಆದಮೇಲೆ ರಾತ್ರಿ ನಿದ್ದೆ ಇಲ್ಲ: ಮೂರು ದಿಂಬು ಇಟ್ಟರೂ ಹುಳಿ ಮೇಲಕ್ಕೆ ಬರುತ್ತೆ

ಪಾಂಡವಪುರದ_ತಮ್ಮ
ನಮಸ್ಕಾರ. ಅಕ್ಕನಿಗೆ ಮೈಸೂರಿನಲ್ಲಿ ಲ್ಯಾಪ್ರೊಸ್ಕೋಪಿಯಲ್ಲಿ (ಸಣ್ಣ ತೂತುಗಳ ಮೂಲಕ) ಸ್ಲೀವ್ ಸರ್ಜರಿ, ಅಂದ್ರೆ ತೂಕ ಇಳಿಸೋಕೆ ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆಯೋ ಆಪರೇಷನ್, ಆಗಿ ಇವತ್ತಿಗೆ ಆರನೇ ದಿನ. ಮನೆಗೆ ಕರ್ಕೊಂಡು ಬಂದಿದ್ದೀವಿ. ಹಗಲೆಲ್ಲ ಓಡಾಡ್ತಾಳೆ, ರಾತ್ರಿ ಮಾತ್ರ ಕಷ್ಟ. ತಲೆ ಕೆಳಗೆ ಮೂರು ದಿಂಬು ಇಟ್ಟಿದ್ದೀವಿ. ಆದರೂ ನಡುರಾತ್ರಿ ಗಂಟಲಿಗೆ ಹುಳಿ ಬರುತ್ತೆ, ಬೆಳಗಾಗುವಷ್ಟರಲ್ಲಿ ಕತ್ತು ಹಿಡ್ಕೊಂಡಿರುತ್ತೆ. ಏಳುವಾಗ ಹೊಲಿಗೆ ಹತ್ತಿರ ಚುಚ್ಚುತ್ತೆ. ಬಲಭುಜದ ನೋವೂ ಇನ್ನೂ ಪೂರ್ತಿ ಹೋಗಿಲ್ಲ. ಹಾಸಿಗೆ ಹತ್ತಿಯದು, ನಡುವೆ ಹಳ್ಳ ಬಿದ್ದಿದೆ. ಮಾತ್ರೆಗಳನ್ನು ಪುಡಿ ಮಾಡಿ ಕೊಡಿ ಅಂದಿದ್ರು, ಎಲ್ಲವನ್ನೂ ಹಾಗೇ ಕೊಡ್ತಿದ್ದೀವಿ. ಏನು ಬದಲಾಯಿಸಬೇಕು?

ವಾರ್ಡ್_ಸಿಸ್ಟರ್
ದಿಂಬಿನ ವಿಷಯಕ್ಕೆ ಹೋಗುವ ಮುಂಚೆ ಇಷ್ಟು ಹೇಳಿ. ಸುಮ್ಮನೆ ಮಲಗಿರುವಾಗ ನಾಡಿ ನಿಮಿಷಕ್ಕೆ ಎಷ್ಟಿದೆ? ಜ್ವರ ಇದೆಯಾ? ಭುಜದ ನೋವು ದಿನದಿಂದ ದಿನಕ್ಕೆ ಇಳೀತಿದೆಯಾ, ಏರುತ್ತಿದೆಯಾ? ಮೀನಖಂಡದಲ್ಲಿ ಒಂದೇ ಕಡೆ ಊತ, ನೋವು ಇದೆಯಾ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಆಪರೇಷನ್ ವೇಳೆ ಹೊಟ್ಟೆ ಉಬ್ಬಿಸೋಕೆ ಕಾರ್ಬನ್ ಡೈಆಕ್ಸೈಡ್ ತುಂಬಿರ್ತಾರೆ. ಅದರಲ್ಲಿ ಸ್ವಲ್ಪ ಉಳಿದು ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆರಳಿಸುತ್ತೆ. ವಪೆಯ ನರವೂ ಭುಜದ ನರವೂ ಕತ್ತಿನ ಒಂದೇ ಜಾಗದಿಂದ ಹೊರಡೋದರಿಂದ ನೋವು ಭುಜದಲ್ಲಿ ಕಾಣಿಸುತ್ತೆ. ಇದು ಸಾಮಾನ್ಯ, ಒಂದು ವಾರದೊಳಗೆ ಕರಗುತ್ತೆ. ಆದರೆ ಕಡಿಮೆ ಆಗಿದ್ದ ನೋವು ಮತ್ತೆ ಏರಿದರೆ, ಅದರಲ್ಲೂ ಎಡಭುಜದಲ್ಲಿ ಹೊಸದಾಗಿ ಬಂದರೆ, ಅದನ್ನು ಗ್ಯಾಸ್ ಅಂತ ಬಿಡಬಾರದು. ಹೊಟ್ಟೆಯ ಒಳಗಿನ ಹೊಲಿಗೆ ಸೋರಿದರೂ ಹೀಗೆ ಆಗುತ್ತೆ. ನಾಡಿ 120 ದಾಟಿ ಅಲ್ಲೇ ನಿಂತರೆ, ಜ್ವರ 101 ಡಿಗ್ರಿ ಮುಟ್ಟಿದರೆ, ಉಸಿರು ಕಟ್ಟಿದರೆ, ಕಾಲು ಒಂದೇ ಕಡೆ ಊದಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಪರೇಷನ್ ಮಾಡಿದ ತಂಡಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ 108.

ಪಾಂಡವಪುರದ_ತಮ್ಮ
ನಾಡಿ 84, ಜ್ವರ ಇಲ್ಲ. ಕಾಲು ಸರಿ ಇದೆ. ಭುಜದ ನೋವು ಮೊದಲಿನ ಅರ್ಧದಷ್ಟೂ ಇಲ್ಲ.

ವಾರ್ಡ್_ಸಿಸ್ಟರ್
ಸರಿ ಹಾಗಾದ್ರೆ. ಭುಜಕ್ಕೆ ಬಿಸಿನೀರಿನ ಬ್ಯಾಗು ಬಟ್ಟೆ ಸುತ್ತಿ ಇಡಿ, ಹೊಟ್ಟೆ ಮೇಲೆ ಬೇಡ. ಮಲಗುವ ಮುಂಚೆ ಜಗಲಿಯಲ್ಲೋ ನಡುಮನೆಯಲ್ಲೋ ಹತ್ತು ನಿಮಿಷ ನಿಧಾನಕ್ಕೆ ನಡೆಸಿ. ನೋವಿಗೆ ಬರೆದುಕೊಟ್ಟಿರೋದು ಬಿಟ್ಟು ಬೇರೆ ಮಾತ್ರೆ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇರುವ ಯಾವುದೂ ಹೊಲಿದ ಹೊಟ್ಟೆಗೆ ಆಗಲ್ಲ, ಹುಣ್ಣು ಮಾಡುತ್ತೆ. ನಿದ್ದೆ ಮಾತ್ರೆಯನ್ನಂತೂ ಸ್ವಂತವಾಗಿ ಕೊಡಲೇಬೇಡಿ.

ಫಿಸಿಯೋ_ಕುವೆಂಪುನಗರ
ಸರ್, ತೊಂದರೆ ಇರೋದು ಆ ಮೂರು ದಿಂಬಿನಲ್ಲೇ. ತಲೆ ಮಾತ್ರ ಎತ್ತಿದರೆ ಕತ್ತು ಮುಂದಕ್ಕೆ ಮಡಚುತ್ತೆ, ಬೆನ್ನು ಹಳ್ಳದಲ್ಲೇ ಉಳಿಯುತ್ತೆ, ಹೊಟ್ಟೆ ಮಧ್ಯಕ್ಕೆ ಒತ್ತಿಕೊಳ್ಳುತ್ತೆ. ಸ್ಲೀವ್ ಆದಮೇಲೆ ಹೊಟ್ಟೆ ಅಂದ್ರೆ ಸಪೂರ ಕೊಳವೆ. ಮೊದಲಿನ ಹಾಗೆ ಹಿಗ್ಗಿ ಒತ್ತಡ ತಾಳಿಕೊಳ್ಳಲ್ಲ, ಮಡಚಿದ ತಕ್ಷಣ ಒಳಗಿರೋದು ಮೇಲಕ್ಕೆ ನುಗ್ಗುತ್ತೆ. ಇಳಿಜಾರು ಸೊಂಟದಿಂದಲೇ ಶುರುವಾಗಬೇಕು.

ಫೋಮ್ ಅಂಗಡಿಯಲ್ಲಿ ತ್ರಿಕೋನಾಕಾರಕ್ಕೆ ಕತ್ತರಿಸಿ ಕೊಡ್ತಾರೆ. ಒರಗುವ ಇಳಿಜಾರಿನ ಉದ್ದ 75 ಸೆಂ.ಮೀ., ತಲೆ ಕಡೆ ಎತ್ತರ 37ರಿಂದ 38, ತಳದ ಉದ್ದ 65, ಅಗಲ ಕನಿಷ್ಠ 60. ಈ ಅಳತೆಗೆ 30 ಡಿಗ್ರಿ ಬರುತ್ತೆ. ಫೋಮ್ 32 ಡೆನ್ಸಿಟಿ ಕೇಳಿ, ತೂಕ ಹೆಚ್ಚಿದ್ದರೆ 40. ಅದಕ್ಕಿಂತ ಮೆತ್ತಗಿರೋದು ಕೊಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಕುಗ್ಗಿ ಇಳಿಜಾರೇ ಇರಲ್ಲ. ಅಂಗಡಿಯಲ್ಲೇ ಅಂಗೈ ಊರಿ ಪೂರ್ತಿ ಭಾರ ಬಿಟ್ಟು ನೋಡಿ: ಕೈ ತಳ ಮುಟ್ಟಿದರೆ ಅದು ಬೇಡ. ಮೇಲೆ ತಲೆಗೆ ಒಂದೇ ತೆಳು ದಿಂಬು ಸಾಕು. ಹತ್ತಿ ಹಾಸಿಗೆ ಮೇಲೆ ಇಟ್ಟರೆ ಫೋಮೂ ಹಳ್ಳಕ್ಕೆ ವಾಲುತ್ತೆ, ಆದ್ದರಿಂದ ಹಾಸಿಗೆ ತೆಗೆದು ತೆಂಗಿನ ನಾರಿನ ಗಟ್ಟಿ ಹಾಸಿಗೆ ಹಾಕಿ. ಒಂದು ತಿಂಗಳ ಮಟ್ಟಿಗೆ ಸಾಕು ಅನ್ನೋರು ಸರ್ಜಿಕಲ್ ಅಂಗಡಿಗಳಲ್ಲಿ ಫೌಲರ್ ಕಾಟ್ (ಆಸ್ಪತ್ರೆಯ ಮಂಚ) ಬಾಡಿಗೆಗೆ ವಿಚಾರಿಸಿ, ಹಿಡಿ ತಿರುಗಿಸಿ ತಲೆ ಭಾಗ ಏರಿಸಬಹುದು.

ಇಳಿಜಾರಿನಲ್ಲಿ ಮಲಗಿದವರು ಮೆಲ್ಲಗೆ ಕೆಳಕ್ಕೆ ಜಾರ್ತಾರೆ. ಜಾರಿದರೆ ನಡು ಮತ್ತೆ ಮಡಚುತ್ತೆ. ಅದಕ್ಕೆ ಕಂಬಳಿಯನ್ನು 10 ಸೆಂ.ಮೀ. ದಪ್ಪಕ್ಕೆ ಸುತ್ತಿ ತೊಡೆಯ ಕೆಳಗೆ ಕೊಡಿ. ಮಂಡಿಯ ಹಿಂದಿನ ಸಂದಿಗೆ ಸಿಕ್ಕಿಸಬೇಡಿ, ಅಲ್ಲಿ ಒತ್ತಿದರೆ ರಕ್ತ ನಿಂತು ಹೆಪ್ಪುಗಟ್ಟುವ ಅಪಾಯ. ಎಚ್ಚರ ಆದಾಗಲೆಲ್ಲ ಪಾದಗಳನ್ನು ಹಿಂದಕ್ಕೆ ಮುಂದಕ್ಕೆ ಇಪ್ಪತ್ತು ಸಲ ಆಡಿಸಲಿ.

ಏಳುವ ರೀತಿ ಇದಕ್ಕಿಂತ ಮುಖ್ಯ. ಮನೆಯವರು ಪ್ರೀತಿಯಿಂದ ಎರಡೂ ಕೈ ಹಿಡಿದು ಎಳೆದು ಕೂರಿಸ್ತಾರೆ, ಚುಚ್ಚೋದು ಆಗಲೇ. ನೇರ ಎದ್ದರೆ ಹೊಟ್ಟೆಯ ಸ್ನಾಯು ಪೂರ್ತಿ ಬಿಗಿಯುತ್ತೆ. ಮೊದಲು ಎರಡೂ ಮಂಡಿ ಮಡಚಿ. ಭುಜ, ಸೊಂಟ, ಮಂಡಿ ಒಟ್ಟಿಗೇ ಹೊರಳಿ ಮಗ್ಗುಲಾಗಲಿ. ಪಾದಗಳನ್ನು ಮಂಚದಿಂದ ಕೆಳಕ್ಕೆ ಬಿಡುತ್ತಾ, ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈ ಊರಿ ತಳ್ಳಿಕೊಂಡು ಕೂರಲಿ. ಉಸಿರು ಹಿಡಿಯದೆ, ತಳ್ಳುವಾಗ ಬಾಯಿಂದ ಬಿಡಲಿ. ಕೂತಮೇಲೆ ಒಂದು ನಿಮಿಷ ಹಾಗೇ ಇದ್ದು ನಿಲ್ಲಲಿ, ಇಲ್ಲಾಂದ್ರೆ ತಲೆ ಸುತ್ತುತ್ತೆ. ಐದಾರು ತೂತುಗಳ ಪೈಕಿ, ಕತ್ತರಿಸಿದ ಹೊಟ್ಟೆಯ ಭಾಗವನ್ನು ಹೊರತೆಗೆದ ತೂತು ಮಾತ್ರ ದೊಡ್ಡದಿರುತ್ತೆ. ಅದು ಯಾವ ಕಡೆ ಇದೆ ನೋಡಿ, ಅದರ ಎದುರು ಮಗ್ಗುಲಿಗೆ ಹೊರಳಿ ಏಳುವ ಹಾಗೆ ಮಂಚದ ಜಾಗ ಬದಲಾಯಿಸಿ.

ಶ್ರೀರಂಗಪಟ್ಟಣ_ಮರಗೆಲಸ
ಫೋಮ್ ತರುವವರೆಗೆ ಫೈಬರ್ ಚೇರನ್ನು ಬೋರಲಾಗಿ ಮಂಚದ ಮೇಲಿಟ್ಟು ಒರಗಿಸಬಹುದಲ್ವಾ? ಇಲ್ಲಾ ಹಳೇ ಬಟ್ಟೆಯ ಈಸಿ ಚೇರು? ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟರೂ ಆಗುತ್ತೆ.

ಫಿಸಿಯೋ_ಕುವೆಂಪುನಗರ
ಈಸಿ ಚೇರ್ ಬೇಡ ಸರ್, ಬಟ್ಟೆ ಜೋತು ಬಿದ್ದು ಹೊಟ್ಟೆ ಮಡಚುತ್ತೆ, ಏಳೋದಂತೂ ಆಗಲ್ಲ. ಬೋರಲು ಚೇರು ಕಡಿದಾಗಿರುತ್ತೆ, ಭಾರಕ್ಕೆ ಜಾರಿದರೆ ಅಥವಾ ಬಿರುಕು ಬಿಟ್ಟರೆ ಅನಾಹುತ. ಇಟ್ಟಿಗೆಯ ವಿಚಾರ ಒಳ್ಳೆಯದೇ, ಆದರೆ ಲೆಕ್ಕ ಹಾಕಿ ನೋಡಿ: ಎರಡು ಇಟ್ಟಿಗೆ ಅಂದ್ರೆ 15 ಸೆಂ.ಮೀ., 190 ಸೆಂ.ಮೀ. ಮಂಚಕ್ಕೆ ಐದು ಡಿಗ್ರಿಯೂ ಬರಲ್ಲ. ಒಂದೆರಡು ತಿಂಗಳಾದ ಮೇಲೆ ಫೋಮ್ ಬಿಟ್ಟಾಗ ಹುಳಿ ತಡೆಯೋಕೆ ಅದು ಉಪಯೋಗ.

ಮೆಡಿಕಲ್ಸ್_ಮಂಡ್ಯ
ಪುಡಿ ಮಾಡಿದ ಮಾತ್ರೆಗಳಲ್ಲಿ ಹುಳಿ ಕಡಿಮೆ ಮಾಡೋ ಪ್ಯಾಂಟೊಪ್ರಜೋಲ್ ಇದೆಯಾ ನೋಡಿ. ಅದರ ಮೇಲಿನ ಲೇಪ ಕರುಳಿನಲ್ಲೇ ಕರಗಲಿ ಅಂತ ಮಾಡಿರೋದು. ಪುಡಿ ಮಾಡಿದರೆ ಔಷಧಿ ಹೊಟ್ಟೆಯ ಆಮ್ಲದಲ್ಲೇ ಕೆಡುತ್ತೆ, ಹುಳಿ ನಿಲ್ಲಲ್ಲ. ಸರ್ಜನ್‌ಗೆ ತಿಳಿಸಿ, ಬಿಚ್ಚಿ ಒಳಗಿನ ಕಾಳುಗಳನ್ನು ಜಗಿಯದೆ ನುಂಗುವ ಕ್ಯಾಪ್ಸೂಲ್ ಬರೆಸಿಕೊಳ್ಳಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಏನಾದರೂ ಕುಡಿಸುವ ಅರ್ಧ ಗಂಟೆ ಮುಂಚೆ.

ಪಥ್ಯ_ಸರಸ್ವತಿಪುರಂ
ತಮ್ಮಾ, ರಾತ್ರಿ ಏನು ಕೊಡ್ತಿದ್ದೀರಿ ಬರೆದಿಲ್ಲ. ಹುಳಿಮಜ್ಜಿಗೆ, ಟೊಮೆಟೊ ಸಾರಿನ ತಿಳಿ, ಕಾಫಿ ಸಂಜೆ ಮೇಲೆ ಬೇಡ. ಬೇಳೆಕಟ್ಟನ್ನು ಖಾರ, ಹುಣಸೆ ಹಾಕದೆ ಸೋಸಿ ಕೊಡಿ, ಪ್ರೋಟೀನ್ ಪುಡಿಯ ಕೊನೆಯ ಲೋಟ ಮಲಗುವ ಎರಡು ಮೂರು ಗಂಟೆ ಮುಂಚೆ ಮುಗಿಯಲಿ. ಮಲಗುವ ಮುಂಚಿನ ಒಂದು ಗಂಟೆ ಬಾಯಿ ಒದ್ದೆ ಮಾಡಿಕೊಳ್ಳುವಷ್ಟೇ ನೀರು.

ಹಾಗಂತ ಹಗಲಿನ ನೀರು ಕಡಿಮೆ ಮಾಡಬೇಡಿ. ಕಾಲು ಗಂಟೆಗೆ 30 ಮಿ.ಲೀ. ಗುಟುಕರಿಸಿದರೆ ಬೆಳಿಗ್ಗೆ ಆರರಿಂದ ರಾತ್ರಿ ಎಂಟಕ್ಕೆ 1,680 ಮಿ.ಲೀ. ಆಗುತ್ತೆ, ಸಾಕು. ಹಗಲು ಬಿಟ್ಟು ರಾತ್ರಿ ಒಂದೇ ಸಲ ಕುಡಿದರೆ ಅದೇ ಗಂಟಲಿಗೆ ಬರೋದು.

ನಂಜುಮಳಿಗೆ_ವಾಸಿ
ಇದೇ ಚರ್ಚೆಯಲ್ಲಿ ಕೇಳ್ತೀನಿ. ಗೊರಕೆ ಕಾಯಿಲೆಗೆ ಸಿಪ್ಯಾಪ್ (ನಿದ್ದೆಯಲ್ಲಿ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡೋ ಯಂತ್ರ) ಹಾಕ್ತಿದ್ದವರು ಸರ್ಜರಿ ಆದಮೇಲೆ ನಿಲ್ಲಿಸಬೇಕಾ? ಗಾಳಿ ಹೊಟ್ಟೆಗೆ ನುಗ್ಗಿ ಹೊಲಿಗೆ ಬಿಚ್ಚುತ್ತೆ ಅಂತ ಹೇಳ್ತಾರೆ.

ವಾರ್ಡ್_ಸಿಸ್ಟರ್
ಸ್ವಂತವಾಗಿ ನಿಲ್ಲಿಸಬಾರದು ಸರ್. ನೋವಿನ ಔಷಧಿಯ ಮಂಪರಿನಲ್ಲಿ ಉಸಿರು ಕಟ್ಟೋದು ಇನ್ನೂ ಹೆಚ್ಚು, ಮೊದಲ ರಾತ್ರಿಗಳಲ್ಲೇ ಅದು ಬೇಕಾಗೋದು. ತೂಕ ಇಳಿದ ಹಾಗೆ ಮುಖ ಸಣ್ಣಗಾಗಿ ಮಾಸ್ಕ್ ಸಡಿಲ ಆಗುತ್ತೆ, ಗಾಳಿ ಸೋರಿ ಕಣ್ಣು ಉರಿಯುತ್ತೆ. ಆಗ ಪಟ್ಟಿ ಬಿಗಿ ಮಾಡಿ ಅಥವಾ ಮಾಸ್ಕ್ ಬದಲಾಯಿಸಿ, ಒತ್ತಡ ಇಳಿಸೋದನ್ನು ವೈದ್ಯರಿಗೆ ಬಿಡಿ.

ಪಾಂಡವಪುರದ_ತಮ್ಮ
ಅಳತೆ ಬರ್ಕೊಂಡೆ, ನಾಳೆ ಮಂಡ್ಯದಲ್ಲಿ ಕತ್ತರಿಸಿ ತರ್ತೀನಿ. ಅಕ್ಕನಿಗೆ ಮೊದಲಿಂದಲೂ ಬೋರಲು ಮಲಗಿಯೇ ಅಭ್ಯಾಸ. ಅದು ಯಾವಾಗ?

ಫಿಸಿಯೋ_ಕುವೆಂಪುನಗರ
ಬೋರಲು ಕನಿಷ್ಠ ಒಂದು ತಿಂಗಳು ಬೇಡ, ಆಮೇಲೂ ಸರ್ಜನ್ ಒಪ್ಪಿದರೆ ಮಾತ್ರ. ಮಗ್ಗುಲು ಮಲಗೋದಕ್ಕೆ ಹೊಲಿಗೆ ನೋವು ಬಿಟ್ಟರೆ ಅಡ್ಡಿಯಿಲ್ಲ. ಎಡಮಗ್ಗುಲಾದರೆ ಹುಳಿ ಕಡಿಮೆ. ಹೊಟ್ಟೆಗೆ ಒಂದು ಮೆತ್ತನೆ ದಿಂಬು ತಬ್ಬಿಕೊಳ್ಳಲಿ, ಮಂಡಿಗಳ ನಡುವೆ ಇನ್ನೊಂದು. ಕೆಮ್ಮು ಬಂದರೆ ಅದೇ ದಿಂಬನ್ನು ಹೊಲಿಗೆಗೆ ಒತ್ತಿ ಹಿಡಿದು ಕೆಮ್ಮಲಿ. ಹೊಟ್ಟೆಗೆ ಬೆಲ್ಟ್ ಕಟ್ಟಿದ್ದರೆ ಮಲಗುವಾಗ ಬಿಚ್ಚಬಹುದಾ ಅಂತ ನಾಳೆ ಫೋನಿನಲ್ಲೇ ಕೇಳಿಬಿಡಿ, ಬಿಗಿ ಬೆಲ್ಟೂ ಹುಳಿಯನ್ನು ಮೇಲಕ್ಕೆ ತಳ್ಳುತ್ತೆ.