ಪದ ಬೇಕು: ಸದಸ್ಯತ್ವ “ವರ್ಗಾವಣೆ”ಯೋ “ಹಸ್ತಾಂತರ”ವೋ?

ಪ್ರಶ್ನೆ:
ಪತ್ತಿನ ಸಹಕಾರ ಸಂಘವೊಂದರ ಅರ್ಜಿ ನಮೂನೆ ನಾಳೆ ಅಚ್ಚಿಗೆ ಹೋಗಬೇಕು. ತಲೆಬರಹ ಸದ್ಯಕ್ಕೆ “ಸದಸ್ಯತ್ವ ಮತ್ತು ಖಾತೆ ವರ್ಗಾವಣೆ ಅರ್ಜಿ”. ವರ್ಗಾವಣೆ ಅಂದರೆ ನೌಕರರದ್ದು ಅನ್ನಿಸುತ್ತದೆ. ಹಸ್ತಾಂತರ ಆದೀತೇ? ಸದಸ್ಯರು ತೀರಿಕೊಂಡಾಗಲೂ ಇದೇ ಅರ್ಜಿ.

ಉತ್ತರ:
ಹಸ್ತಾಂತರ ಬೇಡ, ಅದು ಕಟ್ಟಡ, ಅಧಿಕಾರಗಳಿಗೆ. ಆದರೆ ತಲೆಬರಹವೇ ತಪ್ಪು. ಸದಸ್ಯತ್ವ ವರ್ಗವಾಗುವುದಿಲ್ಲ, ವರ್ಗವಾಗುವುದು ಷೇರು. ಪಡೆಯುವವರು ಸದಸ್ಯರಾಗಿರಬೇಕು, ಇಲ್ಲವೇ ಅವರ ಸದಸ್ಯತ್ವದ ಅರ್ಜಿ ಮಂಜೂರಾಗಿರಬೇಕು. ಉಳಿತಾಯ ಖಾತೆಯೂ ಹಾಗೇ: ಹಳೆಯದನ್ನು ಮುಚ್ಚಿ ಶಿಲ್ಕನ್ನು ಹೊಸ ಖಾತೆಗೆ ಜಮಾ ಮಾಡುತ್ತಾರೆ. “ಷೇರು ವರ್ಗಾವಣೆ ಮತ್ತು ಸದಸ್ಯತ್ವ ಕೋರಿಕೆ” ಎಂದು ಹಾಕಿ. ಮೂಲ ಷೇರುಪತ್ರದ ಸಂಖ್ಯೆ, ಇಬ್ಬರ ಸಹಿ, ಸಾಲ ಮತ್ತು ಜಾಮೀನು ಬಾಕಿಯ ವಿವರ, ಆಡಳಿತ ಮಂಡಳಿಯ ಠರಾವಿನ ಸಂಖ್ಯೆ, ದಿನಾಂಕ ಇವಕ್ಕೆಲ್ಲ ಜಾಗ ಬಿಡಿ. ಠರಾವಿಲ್ಲದೆ ಷೇರು ರಿಜಿಸ್ಟರಿನಲ್ಲಿ ಹೆಸರು ತಿದ್ದಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಖಂಡಿತ. ಸಾಲವಿದ್ದರೆ ಷೇರಿನ ಮೇಲೆ ಮೊದಲ ಹಕ್ಕು ಸಂಘದ್ದು, ಅದನ್ನು ಮರೆತೇ ಎಡವುತ್ತಾರೆ.

ಮರಣಕ್ಕೆ ಬೇರೆ ನಮೂನೆ ಮಾಡಿ. ಅಲ್ಲಿ ಕೊಡುವವರ ಸಹಿ ಎಲ್ಲಿಂದ ಬರಬೇಕು? ಮರಣ ಪ್ರಮಾಣಪತ್ರ, ನಾಮನಿರ್ದೇಶನದ ವಿವರ, ಜೊತೆಗೆ ಎರಡು ಆಯ್ಕೆ: ಸದಸ್ಯರಾಗಿ ಷೇರು ಉಳಿಸಿಕೊಳ್ಳುವುದು ಅಥವಾ ಷೇರಿನ ಮೊತ್ತ ಪಡೆಯುವುದು. ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗುವುದಕ್ಕೆ “ಪೌತಿ ಖಾತೆ” ಎನ್ನುವಂತೆ “ಪೌತಿ ಷೇರು ವರ್ಗಾವಣೆ” ಅಂದರೆ ಹಳ್ಳಿಯವರಿಗೂ ತಿಳಿಯುತ್ತದೆ.

ಮತ್ತೊಂದು ಉತ್ತರ:
ಪೌತಿ ಅರಬ್ಬಿ, ಷೇರು ಇಂಗ್ಲಿಷು, ವರ್ಗ ಸಂಸ್ಕೃತ. ಕನ್ನಡ ಎಲ್ಲಿ? “ಪಾಲು ಕೈಬದಲು” ಎನ್ನಿ. ಸಂಘದ ಹೆಸರಿನಲ್ಲಿರುವ ಪತ್ತು ಹೇಗೂ ನಮ್ಮದೇ: ಹಳಗನ್ನಡದ ಪತ್ತು, ಅಂದರೆ ಅಂಟಿಕೊಳ್ಳು. ಬಿಡದ ನಂಬಿಕೆ ಎಂಬರ್ಥ.

ಮರು ಉತ್ತರ:
“ಬದಲು” ಕೂಡ ಅರಬ್ಬಿ. “ಪಾಲು” ಎಂದು ಅಚ್ಚಾದರೆ ಜನ ಮನೆಯ ಪಾಲುಪಟ್ಟಿ ಹಿಡಿದು ಬರುತ್ತಾರೆ. ಇನ್ನು ಆ ಹಳಗನ್ನಡದ ಪತ್ತು ಈಗ ಹತ್ತು ಆಗಿದೆ: ಬೆಟ್ಟ ಹತ್ತು, ಬೆಂಕಿ ಹತ್ತು. ಸಂಘದ ಪತ್ತಿನಲ್ಲಿ ಪಕಾರ ಉಳಿದಿರುವುದೇ ಅದು ತಡವಾಗಿ ಬಂದದ್ದಕ್ಕೆ ಗುರುತು. ಮರಾಠಿಯ ಪತಸಂಸ್ಥೆ ನೋಡಿ, ಅಲ್ಲಿ ಪತ ಅಂದರೆ ಸಾಲದ ವಿಶ್ವಾಸ.

ಮತ್ತೆ:
ಪಾಲು ಶಬ್ದದಲ್ಲೂ ಪಕಾರ ಉಳಿದಿದೆ. ಅದೂ ಮರಾಠಿಯೇ? ತಮಿಳಿನಲ್ಲಿ ಪಾಲ್ ಇದೆ.

ಮರು ಉತ್ತರ:
ಪಾಲಿಗೆ ತಮಿಳು ಸಾಕ್ಷಿ ಇದೆ. ಸಾಲದ ವಿಶ್ವಾಸ ಎಂಬರ್ಥದ ಪತ್ತಿಗೆ ಹಳಗನ್ನಡದ ಒಂದು ಪ್ರಯೋಗ ಕೊಡಿ, ಆಮೇಲೆ ಮಾತಾಡೋಣ.