ಮಾಂಸದ ದನಗಳ ಕೊಂಬು: ಇರಲಾ, ತೆಗೆಸಲಾ?

ಪ್ರಶ್ನೆ:
ಮೇಡಂ, ಮಾಂಸಕ್ಕಾಗಿ ಸಾಕಿರುವ 26 ದನಗಳಿವೆ. ಮುಕ್ಕಾಲು ಪಾಲಿಗೆ ಕೊಂಬಿದೆ. ಹೋದ ವಾರ ಗೋದಲಿ ಹತ್ತಿರ ಒಂದು ಹಸು ಇನ್ನೊಂದಕ್ಕೆ ಹಾಯ್ದು, ಪಕ್ಕೆಯ ಚರ್ಮ ಒಂದು ಗೇಣು ಸೀಳಿತು. ಹೊಲಿಗೆ ಹಾಕಿಸಿದ್ದೇವೆ. ತಮ್ಮ ‘ಎಲ್ಲದರ ಕೊಂಬೂ ತೆಗೆಸಿಬಿಡೋಣ’ ಅನ್ನುತ್ತಾನೆ. ಅಪ್ಪ ‘ಹುಟ್ಟಿನಿಂದ ಬಂದದ್ದು, ಇರಲಿ ಬಿಡು’ ಅನ್ನುತ್ತಾರೆ. 7 ಕರುಗಳಿವೆ, ಮೂರು ವಾರದಿಂದ ನಾಲ್ಕು ತಿಂಗಳವರೆಗಿನವು. ಏನು ಮಾಡಲಿ?

ಉತ್ತರ (ಪಶುವೈದ್ಯೆ):
ಇಬ್ಬರ ಮಾತಲ್ಲೂ ಸತ್ಯ ಇದೆ. ‘ಎಲ್ಲದರ’ ಅನ್ನೋದೇ ತೊಂದರೆ. ಮೂರು ವಾರದ ಕರುವಿನ ಕೊಂಬು ತೆಗೆಯುವುದೂ ನಾಲ್ಕು ವರ್ಷದ ಹಸುವಿನ ಕೊಂಬು ಕತ್ತರಿಸುವುದೂ ಬೇರೆ ಬೇರೆ ಕೆಲಸ.

ಮೊದಲು ಒಂದು ಪರೀಕ್ಷೆ ಮಾಡಿ. ಕರುವಿನ ತಲೆ ಮೇಲೆ, ಕೊಂಬು ಬರುವ ಕಡೆ ಹೆಬ್ಬೆರಳು ಇಟ್ಟು ಸವರಿ. ಕೂದಲ ಕೆಳಗೆ ಸಣ್ಣ ಗಟ್ಟಿ ಗಂಟು ಸಿಗುತ್ತದೆ. ಅದೇ ಮೊಗ್ಗು. ಚರ್ಮದ ಜೊತೆ ಅತ್ತಿತ್ತ ಜಾರಿದರೆ ಅದಿನ್ನೂ ತಲೆಬುರುಡೆಗೆ ಅಂಟಿಲ್ಲ. ಸುಮಾರು ಎರಡು ತಿಂಗಳವರೆಗೆ ಹೀಗೆ ಸಡಿಲವಾಗಿರುತ್ತದೆ. ಆಗ ತೆಗೆದರೆ ಗಾಯ ಚರ್ಮದ ಮಟ್ಟಕ್ಕೆ ಮುಗಿಯುತ್ತದೆ. ಆಮೇಲೆ ಮೂಳೆಗೆ ಬೆಸೆದುಕೊಳ್ಳುತ್ತದೆ. ಆರೆಂಟು ತಿಂಗಳು ದಾಟಿತು ಅಂದರೆ ಹಣೆಯ ಮೂಳೆಯೊಳಗಿನ ಟೊಳ್ಳು ಕೊಂಬಿನೊಳಗೂ ಬೆಳೆಯಲು ಶುರುವಾಗುತ್ತದೆ. ಆ ಟೊಳ್ಳಿಗೂ ಮೂಗಿಗೂ ದಾರಿ ಇದೆ. ಅಂಥ ಕೊಂಬು ಕೊಯ್ದರೆ ತಲೆಯಲ್ಲಿ ನೇರ ಒಂದು ತೂತು ಬೀಳುತ್ತದೆ.

ಒಮ್ಮೆ ಒಂದು ಹೋರಿ ನೋಡಲು ಕರೆದಿದ್ದರು. ಗರಗಸದಲ್ಲಿ ಕೊಂಬು ಕೊಯ್ದು ಮೂರು ವಾರ ಆಗಿತ್ತು. ತಲೆ ಒಂದು ಕಡೆಗೆ ವಾಲಿಸಿಕೊಂಡು ನಿಂತಿತ್ತು, ಮೇವಿಗೆ ಬಾಯಿ ಹಾಕುತ್ತಿರಲಿಲ್ಲ. ಹತ್ತಿರ ಹೋಗುವ ಮೊದಲೇ ವಾಸನೆ. ತೂತಿನೊಳಗೆ ಒಣಹುಲ್ಲಿನ ಚೂರು, ಕೀವು, ಹುಳ. ಮೇಲೆ ಕಟ್ಟಿದ್ದ ಮೇವಿನ ತಟ್ಟೆಯಿಂದ ಹುಲ್ಲು ಉದುರಿ ಒಳಗೆ ಹೋಗಿತ್ತು. ದಿನಾ ತೊಳೆದು ವಾಸಿ ಮಾಡಿದೆವು, ಆದರೆ ಅಷ್ಟರಲ್ಲಿ ಅದು ಸೊರಗಿ ಹೋಗಿತ್ತು. ತೂಕಕ್ಕಾಗಿ ಸಾಕುವ ಪ್ರಾಣಿಗೆ ಇದೆಂಥ ಲಾಭ ಹೇಳಿ?

ಹಾಗಾಗಿ ನನ್ನ ಮಾತು ಇಷ್ಟು. ಮೊಗ್ಗು ಜಾರುವ ಕರುಗಳಿಗೆ ತೆಗೆಸಿ. ದೊಡ್ಡವುಗಳ ಕೊಂಬು ಇರಲಿ. ಕೊಂಬು ತಿರುಗಿ ಕಣ್ಣಿಗೋ ಕೆನ್ನೆಗೋ ಒತ್ತುತ್ತಿದ್ದರೆ, ಇಲ್ಲವೇ ಮುರಿದು ನೇತಾಡುತ್ತಿದ್ದರೆ ಮಾತ್ರ ಬೇರೆ ಮಾತು. ಹಾಯುವ ಚಟ ಬಿದ್ದ ಹಸುವನ್ನು ಬೇರೆ ಕಟ್ಟಿ. ಅಥವಾ ಮಾರಿಬಿಡಿ.

ಮತ್ತೊಬ್ಬರ ಪ್ರಶ್ನೆ:
ಮೊಗ್ಗಿಗೆ ಹಚ್ಚುವ ಪೇಸ್ಟ್ ಸಿಗುತ್ತದಲ್ವಾ? ಕಾದ ಕಬ್ಬಿಣದಿಂದ ಮೊಗ್ಗು ಸುಡುವುದಕ್ಕಿಂತ ಸುಲಭ ಅನ್ನುತ್ತಾರೆ.

ಉತ್ತರ:
ಹಚ್ಚುವ ಕೈಗೆ ಸುಲಭ. ಅದು ಸುಡುವ ಕ್ಷಾರ. ಹುಟ್ಟಿದ ಮೊದಲ ವಾರದಲ್ಲೇ ಹಚ್ಚಬೇಕು. ಮಾಂಸದ ತಳಿಯ ಕರು ತಾಯಿಯ ಜೊತೆಗೇ ಇರುತ್ತದೆ. ಹಾಲು ಕುಡಿಯುವಾಗ ತಲೆ ಕೆಚ್ಚಲಿಗೆ ತಾಗಿ ಅಲ್ಲಿ ಸುಡುತ್ತದೆ. ತಾಯಿ ಕರುವಿನ ತಲೆ ನೆಕ್ಕಿದರೆ ನಾಲಿಗೆಗೆ ಆಗುತ್ತದೆ. ಮಳೆ ಬಂದರಂತೂ ಕರಗಿ ಕಣ್ಣಿಗೆ ಇಳಿಯುತ್ತದೆ. ನೋವೂ ಕಡಿಮೆ ಅಲ್ಲ, ಹೊರಗೆ ಕಾಣುವುದಿಲ್ಲ ಅಷ್ಟೆ.

ಕಾದ ಕಬ್ಬಿಣವೇ ವಾಸಿ. ಆದರೆ ಮರಗಟ್ಟಿಸದೆ ಸುಡುವುದು ಬೇಡವೇ ಬೇಡ. ಕಣ್ಣಿನ ಹೊರಮೂಲೆಯಿಂದ ಕೊಂಬಿನ ಬುಡದವರೆಗೆ ಒಂದು ಮೂಳೆಯ ಏಣು ಕೈಗೆ ಸಿಗುತ್ತದೆ. ಅದರ ಕೆಳಗೇ ಕೊಂಬಿನ ನರ ಹಾದು ಹೋಗುತ್ತದೆ. ವೈದ್ಯರು ಅಲ್ಲಿಗೆ ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಕೊಡುತ್ತಾರೆ. ಹತ್ತು ನಿಮಿಷ ಕಾದು, ಮೊಗ್ಗಿನ ಸುತ್ತ ಸೂಜಿ ಚುಚ್ಚಿ ನೋಡಬೇಕು. ಕರು ತಲೆ ಕೊಡವಿದರೆ ಇನ್ನೂ ಕಾಯಬೇಕು. ಆಮೇಲೆ ಚೆನ್ನಾಗಿ ಕಾದ ಕಬ್ಬಿಣವನ್ನು ಮೊಗ್ಗಿನ ಮೇಲಿಟ್ಟು ತಿರುಗಿಸುತ್ತಾ ಹತ್ತು–ಹದಿನೈದು ಸೆಕೆಂಡು. ಸುತ್ತಲೂ ತಾಮ್ರದ ಬಣ್ಣದ ಉಂಗುರ ಮೂಡಬೇಕು. ಉಂಗುರ ಒಂದು ಕಡೆ ತುಂಡಾಗಿದ್ದರೆ ಅಲ್ಲಿಂದ ಸೊಟ್ಟ ಕೊಂಬು ಬರುತ್ತದೆ. ಅದು ಮಾಮೂಲಿ ಕೊಂಬಿಗಿಂತ ದೊಡ್ಡ ತಲೆನೋವು.

ಜನ ಮರೆಯುವುದು ಆಮೇಲಿನದ್ದು. ಲಿಗ್ನೋಕೇನ್ ಎರಡು ಗಂಟೆ ಹೊತ್ತಿಗೆ ಇಳಿದುಹೋಗುತ್ತದೆ, ನೋವು ಇಳಿಯುವುದಿಲ್ಲ. ಸಂಜೆ ಕರು ಕಿವಿ ಬಡಿಯುತ್ತಾ, ತಲೆ ಕೊಡವುತ್ತಾ ನಿಂತಿದ್ದರೆ ಅದು ನೋವೇ. ಅದಕ್ಕೆ ಮೆಲಾಕ್ಸಿಕ್ಯಾಮ್ ಕೊಡಿಸಿ. ಒಂದೇ ಡೋಸು ಒಂದು ದಿನದ ಮೇಲೂ ಕೆಲಸ ಮಾಡುತ್ತದೆ.

ಮತ್ತೊಬ್ಬರ ಪ್ರಶ್ನೆ:
ದೊಡ್ಡವಕ್ಕೆ ತುದಿ ಮಾತ್ರ ಕತ್ತರಿಸಿದರೆ ಹೇಗೆ?

ಉತ್ತರ:
ಜೀವವಿಲ್ಲದ ತುದಿಯಷ್ಟೇ ತೆಗೆದರೆ ನೋವಿಲ್ಲ, ನಮ್ಮ ಉಗುರು ಕತ್ತರಿಸಿದ ಹಾಗೆ. ರಕ್ತ ಬಂತು ಅಂದರೆ ಮುಂದೆ ಹೋಗಿದ್ದೀರಿ ಅಂತ. ಚುಚ್ಚಿ ಸೀಳುವುದು ಕಡಿಮೆಯಾಗುತ್ತದೆ. ಆದರೆ ಮಾಂಸದೊಳಗೆ ರಕ್ತ ಕಟ್ಟುವುದು ನಿಲ್ಲುವುದಿಲ್ಲ. ಮೊಂಡು ಕೊಂಬಿನಿಂದ ಗುಮ್ಮಿದರೂ ರಕ್ತ ಕಟ್ಟುತ್ತದೆ. ಲಾರಿಯಲ್ಲಿ ಒತ್ತೊತ್ತಾಗಿ ತುಂಬಿದಾಗ ಇದು ಜಾಸ್ತಿ. ಆ ಭಾಗದ ಮಾಂಸ ಕತ್ತರಿಸಿ ಎಸೆಯುತ್ತಾರೆ, ನಷ್ಟ ನಿಮ್ಮದೇ.

ಇನ್ನೊಬ್ಬ ಸದಸ್ಯರು:
ನಮ್ಮಲ್ಲಿ 40 ದನ, ಎಲ್ಲಕ್ಕೂ ಕೊಂಬಿದೆ. ಬಯಲಲ್ಲಿ ಮೇಯುತ್ತವೆ, ಒಂದು ದಿನವೂ ಗಲಾಟೆ ಇಲ್ಲ. ಸುಮ್ನೆ ಹೆದರಿಸಬೇಡಿ ಮೇಡಂ.

ಉತ್ತರ:
ಹೆದರಿಸುತ್ತಿಲ್ಲ ಸರ್, ನಿಮ್ಮಲ್ಲಿ ಜಾಗ ಇದೆ. ಕೊಂಬಿದ್ದ ದನಗಳು ತಮ್ಮ ತಮ್ಮಲ್ಲೇ ಯಾರು ಮೊದಲು ಅಂತ ತೀರ್ಮಾನ ಮಾಡಿಕೊಂಡಿರುತ್ತವೆ. ತಲೆ ಸ್ವಲ್ಪ ತಿರುಗಿಸಿದರೆ ಸಾಕು, ಎದುರಿನದು ಪಕ್ಕಕ್ಕೆ ಸರಿಯುತ್ತದೆ. ಸರಿಯಲು ಜಾಗ ಇರಬೇಕು, ಅಷ್ಟೆ. ಕಾಡುಪ್ರಾಣಿ ಕಾಟ ಇರುವ ಕಡೆ ತಾಯಿಗೆ ಕೊಂಬು ಬೇಕು. ಸೆಖೆಯಲ್ಲಿ ಮೈ ಬಿಸಿ ಸ್ವಲ್ಪ ಹೊರಹೋಗುವುದೂ ಅದರಿಂದ. ಸ್ವಿಟ್ಜರ್ಲೆಂಡಿನಲ್ಲಿ 2018ರಲ್ಲಿ, ಕೊಂಬು ಉಳಿಸಿಕೊಂಡ ರೈತರಿಗೆ ಸರ್ಕಾರ ಹಣ ಕೊಡಬೇಕೇ ಅಂತ ದೇಶದ ಜನ ಮತ ಹಾಕಿದರು! ‘ಬೇಡ’ ಗೆದ್ದಿತು, ಆದರೆ ತುಂಬ ಅಂತರದಲ್ಲೇನಲ್ಲ.

ಪ್ರಶ್ನೆ ಕೇಳಿದವರದ್ದು ಬೇರೆ ಸ್ಥಿತಿ. ಗೋದಲಿಯಲ್ಲಿ ಕೊಂಬಿದ್ದವೂ ಇಲ್ಲದವೂ ಭುಜಕ್ಕೆ ಭುಜ ತಾಗಿಸಿ ತಿನ್ನುತ್ತಿವೆ. ಬೆರಕೆ ಗುಂಪೇ ಎಲ್ಲಕ್ಕಿಂತ ಕೆಟ್ಟದ್ದು. ಕೊಂಬಿಲ್ಲದ ಬೋಳು ದನ ಕೊನೆಗೆ ಉಳಿದಷ್ಟು ತಿನ್ನುತ್ತದೆ. ಎರಡು ಗುಂಪು ಮಾಡಿ, ಕೊಂಬಿದ್ದವಕ್ಕೆ ಗೋದಲಿಯಲ್ಲಿ ಜಾಗ ಜಾಸ್ತಿ ಕೊಡಿ.

ಪ್ರಶ್ನೆ ಕೇಳಿದವರು:
ಮೇಡಂ, ಈಗಷ್ಟೇ ನೋಡಿ ಬಂದೆ. ಐದು ಕರುಗಳಿಗೆ ಮೊಗ್ಗು ಜಾರುತ್ತಿದೆ. ನಾಲ್ಕು ತಿಂಗಳ ಎರಡಕ್ಕೆ ಗಟ್ಟಿ. ಒಂದು ಹೆಣ್ಣು, ಇಟ್ಟುಕೊಳ್ಳುತ್ತೇವೆ. ಇನ್ನೊಂದು ಗಂಡು. ಮತ್ತೆ, ಪ್ರತಿ ವರ್ಷ ಹೀಗೆ ಸುಡುತ್ತಲೇ ಇರಬೇಕಾ?

ಉತ್ತರ:
ಬೇಕಿಲ್ಲ. ಮುಂದಿನ ಹೋರಿ ತರುವಾಗ ಹುಟ್ಟಾ ಬೋಳು ತಳಿಯದ್ದು ನೋಡಿ. ಆಂಗಸ್, ಗ್ಯಾಲೊವೇ ಹಾಗೆಯೇ ಹುಟ್ಟುತ್ತವೆ. ಹಿಯರ್‌ಫರ್ಡ್‌ನಲ್ಲಿ ಎರಡೂ ಬಗೆ ಉಂಟು. ಬೋಳುತನದ ಜೀನ್ ಕೊಂಬಿನದ್ದನ್ನು ಅಡಗಿಸುತ್ತದೆ. ಹೋರಿಗೆ ಅದು ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ, ನಿಮ್ಮ ಕೊಂಬಿನ ಹಸುಗಳಿಗೂ ಬೋಳು ಕರುಗಳೇ. ಒಬ್ಬರಿಂದ ಮಾತ್ರ ಬಂದಿದ್ದರೆ ಅರ್ಧದಷ್ಟು. ಹೋರಿಯ ಮುಖ ನೋಡಿದರೆ ಗೊತ್ತಾಗುವುದಿಲ್ಲ, ಬಾಲದ ಕೂದಲು ಬುಡಸಮೇತ ಕಿತ್ತು ಜೀನ್ ಪರೀಕ್ಷೆಗೆ ಕಳಿಸಬೇಕು. ಕೆಲವು ಕರುಗಳಿಗೆ ಅಲ್ಲಾಡುವ ಗಿಡ್ಡ ಕೊಂಬು ಬರಬಹುದು, ಅದು ಬುರುಡೆಗೆ ಅಂಟಿರುವುದಿಲ್ಲ. ಡುಬ್ಬದ ತಳಿಗಳಲ್ಲಿ ಲೆಕ್ಕ ಇಷ್ಟು ಸಲೀಸಲ್ಲ.

ಹೆಣ್ಣು ಕರುವಿಗೆ ಈ ತಿಂಗಳೇ ಮಾಡಿಸಿ, ಟೊಳ್ಳು ಇನ್ನೂ ಕೊಂಬಿಗೆ ಬಂದಿರುವುದಿಲ್ಲ. ಗಾಯ ಚಿಕ್ಕವಕ್ಕಿಂತ ದೊಡ್ಡದು, ವೈದ್ಯರೇ ಮಾಡಬೇಕು. ಗಂಡು ಕರುವನ್ನು ಕೊಂಬಿನ ಗುಂಪಿಗೆ ಬಿಡಿ, ಅದಕ್ಕೆ ಕೈ ಹಾಕಬೇಡಿ. ನೊಣ ಏಳುವ ಮುಂಚೆ ಒಂದು ಒಣ ದಿನ ನೋಡಿಕೊಳ್ಳಿ. ವೈದ್ಯರು ಬರುವ ಮೊದಲು ಮೊಗ್ಗಿನ ಸುತ್ತ ಕೂದಲು ಕತ್ತರಿಸಿಡಿ. ತಮ್ಮ ಕರುವಿನ ತಲೆ ಹಿಡಿದುಕೊಳ್ಳಲಿ, ಅಪ್ಪ ಗಡಿಯಾರ ನೋಡಲಿ: ಹತ್ತು ನಿಮಿಷ ಆಗದೆ ಕಬ್ಬಿಣ ಮುಟ್ಟಿಸಲು ಬಿಡಬಾರದು.