ಕಬ್ಬಿನ ಹೊಲದ ಉರುಲುಗಳು: ಅರ್ಜಿಗೆ ಎಲ್ಲರ ಸಹಿ ಬೇಕು

3ನೇ ಕ್ರಾಸ್, ಮೋತಿಯ ಮನೆಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ನಾಯಿ ಮೋತಿ, ಬಡಾವಣೆ ಹಿಂದಿನ ಕಬ್ಬಿನ ಹೊಲದ ಬದುವಿನಲ್ಲಿ ಉರುಲಿಗೆ ಸಿಕ್ಕಿತ್ತು. ಬೈಕಿನ ಕ್ಲಚ್ ವೈರು. ಒಂದು ತುದಿ ಗೂಟಕ್ಕೆ ಬಿಗಿದಿದ್ದರು, ಇನ್ನೊಂದು ತುದಿಗೆ ಕುಣಿಕೆ. ಜಗ್ಗಿದಷ್ಟೂ ಬಿಗಿಯುತ್ತದೆ. ಸೊಂಟದ ಸುತ್ತ ಚರ್ಮ ಸೀಳಿದೆ. ಹೊಲಿಗೆ ಹಾಕಿದ್ದಾರೆ, ಜೀವಕ್ಕೆ ಭಯವಿಲ್ಲ. ಆದರೆ ಅದೇ ಬದುವಿನಲ್ಲಿ ಇನ್ನೂ ಕುಣಿಕೆಗಳಿವೆ. ಹಂದಿಗೆಂದು ಹಾಕಿದ್ದಂತೆ. ಮೊಲ, ಮುಂಗುಸಿ, ನವಿಲು ಯಾವುದು ಬಂದರೂ ಸಿಕ್ಕಿಬೀಳುತ್ತದೆ.

5ನೇ ಕ್ರಾಸ್:
ಅಯ್ಯೋ ಪಾಪ. ದೀಪಾವಳಿ ಆದಮೇಲೆ ನಮ್ಮ ಬೆಕ್ಕೂ ಮನೆಗೆ ಬಂದಿಲ್ಲ ಅಕ್ಕಾ. ಈಗ ಹೊಟ್ಟೆಯಲ್ಲಿ ಸಂಕಟ.

ಗುಡಿ ಹತ್ತಿರದ ಕಾಕಾ:
ನಮ್ಮದೂ ಆ ಕಡೆ ಹೊಲ ಇದೆ. ಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ಸಾಕು, ಕಬ್ಬು ನೆಲ ಹಿಡಿಯುತ್ತದೆ. ರೈತರ ಮೇಲೆ ಕೇಸು ಹಾಕಿಸುವ ಮಾತಾದರೆ ನಾನು ಬರುವುದಿಲ್ಲ.

3ನೇ ಕ್ರಾಸ್:
ಕಾಕಾ, ನಿಮ್ಮ ಮಾತು ಖರೇ. ಅದಕ್ಕೇ ಅರ್ಜಿಯಲ್ಲಿ ಬೆಳೆಹಾನಿ ಪರಿಹಾರ ಬೇಗ ಕೊಡಿ, ಸೋಲಾರ್ ಬೇಲಿಗೆ ನೆರವು ಕೊಡಿ ಎಂದು ಮೊದಲೇ ಬರೆದಿದ್ದೇನೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗೆ ಉರುಲು ಹಾಕುವುದೂ ಬೇಟೆಯೇ. 2022ರ ತಿದ್ದುಪಡಿಯಲ್ಲಿ ದಂಡದ ಮಿತಿಯನ್ನು 25 ಸಾವಿರದಿಂದ 1 ಲಕ್ಷಕ್ಕೆ ಏರಿಸಿದ್ದಾರೆ. ಕಾನೂನು ಗಟ್ಟಿಯಾಗಿದೆ. ಬದುವಿಗೆ ಬಂದು ನೋಡುವವರು ಬೇಕು. ಅರಣ್ಯ ಸಿಬ್ಬಂದಿ ಪ್ರತಿ ತಿಂಗಳು ಹೊಲದ ಅಂಚಿನಲ್ಲಿ ಓಡಾಡಿ ಉರುಲು ತೆಗೆಯಬೇಕು. ನಮ್ಮ ಮುಖ್ಯ ಬೇಡಿಕೆ ಇದೇ.

1ನೇ ಕ್ರಾಸ್:
2022ರ ಆಗಸ್ಟ್‌ನಲ್ಲಿ ನಮ್ಮ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಚಿರತೆ ಕಾಣಿಸಿಕೊಂಡು ಶಾಲೆಗಳಿಗೆ ರಜೆ ಕೊಟ್ಟಿದ್ದರು, ಅಲ್ವಾ? ಅಂಥದ್ದು ಉರುಲಿಗೆ ಸಿಕ್ಕಿ, ವೈರು ಹರಿದುಕೊಂಡು ಗಾಯದ ಸಮೇತ ಮನೆಗಳ ನಡುವೆ ಬಂದರೆ? ನನ್ನ ಸಹಿ ಖಂಡಿತ ಇದೆ.

5ನೇ ಕ್ರಾಸ್:
ನಾಳೆ ಬೆಳಿಗ್ಗೆ ಹುಡುಗರನ್ನು ಕರೆದುಕೊಂಡು ಹೋಗಿ ಎಲ್ಲ ಕಿತ್ತು ಹಾಕೋಣವೇ?

3ನೇ ಕ್ರಾಸ್:
ಬೇಡಮ್ಮಾ. ಹೊಲದವರಿಗೆ ಹೇಳದೆ ಹೋದರೆ ಸುಮ್ನೆ ಜಗಳ. ಉರುಲು ಕಂಡರೆ ಫೋಟೋ, ಲೊಕೇಶನ್ ಇಲ್ಲಿ ಹಾಕಿ. ಕಾಡುಪ್ರಾಣಿ ಸಿಕ್ಕಿದ್ದರೆ ಹತ್ತಿರ ಹೋಗಬೇಡಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ, ಗುಂಪು ಸೇರಲು ಬಿಡಬೇಡಿ. ನಾಯಿ ಸಿಕ್ಕಿದ್ದರೆ ಗೂಟದ ಕಡೆ ವೈರು ಕತ್ತರಿಸಿ. ಮೈಯೊಳಗೆ ಹೂತ ಕುಣಿಕೆಯನ್ನು ಡಾಕ್ಟರೇ ಬಿಡಿಸಲಿ. ಗಾಯ ಚಿಕ್ಕದಾಗಿ ಕಂಡರೂ ತೋರಿಸಿ, ಬಾವು ಆಮೇಲೆ ಜಾಸ್ತಿಯಾಗುತ್ತದೆ.

ಗುಡಿ ಹತ್ತಿರದ ಕಾಕಾ:
ಪರಿಹಾರದ ಮಾತು ಮೇಲಿನ ಸಾಲಿನಲ್ಲೇ ಬರಲಿ. ಶನಿವಾರ ಸಂಜೆ ಆ ಬದುವಿನ ರೈತರನ್ನೆಲ್ಲ ಗುಡಿಗೆ ಕರೆಯುತ್ತೇನೆ. ಅರ್ಜಿ ತನ್ನಿ, ನಮ್ಮ ಸಹಿಗೂ ಜಾಗ ಬಿಡಿ.